ಉಗ್ರಾಣದ ಬಾಗಿಲಲ್ಲಿ ನಿಲ್ಲುವವರು

(ಸಂತ ವಿನ್ಸೆಂಟ್ ದೆ ಪೌಲರ ಹಬ್ಬದ ಚಿಂತನೆ)



ಸೆಪ್ಟೆಂಬರ್ 27ರಂದು ಧರ್ಮಸಭೆಯು ಸಂತ ವಿನ್ಸೆಂಟ್ ದೆ ಪೌಲರ ಹಬ್ಬವನ್ನು ಆಚರಿಸುತ್ತದೆ. 1660ರಲ್ಲಿ ಇದೇ ದಿನ ಅವರು ಪ್ಯಾರಿಸ್ ನಗರದಲ್ಲಿ ಪ್ರಭುವಿನಲ್ಲಿ ನಿದ್ರೆಹೋದರು. ಅವರ ಹೆಸರು ಕೇಳಿದ ಕೂಡಲೇ ಬಡವರು, ಅನಾಥರು, ರೋಗಿಗಳು ನಮ್ಮ ನೆನಪಿಗೆ ಬರುತ್ತಾರೆ. ಹಬ್ಬದ ದಿನ ಎಷ್ಟೋ ಧರ್ಮಕೇಂದ್ರಗಳಲ್ಲಿ ಬಡವರಿಗೆ ಅಕ್ಕಿ, ಬಟ್ಟೆ ಹಂಚುವ ವಾಡಿಕೆಯೂ ಇದೆ. ಈ ಸಲ ಆ ಹಂಚುವ ಕೆಲಸದ ಬಗ್ಗೆಯೇ ನಾವು ಸ್ವಲ್ಪ ಯೋಚಿಸೋಣ. ಹಸಿದ ಮನೆಗೆ ದಿನಸಿ ಕೊಡುವ ಕ್ರೈಸ್ತ ಉಗ್ರಾಣಗಳಲ್ಲಿ ಸ್ವಯಂಸೇವಕರಾಗಿ ನಿಲ್ಲುವುದೆಂದರೆ ಏನು? ಅಲ್ಲಿ ಏನು ಮಾಡಬೇಕು, ಏನು ಮಾಡಬಾರದು?

ಅಮೆರಿಕದಲ್ಲಿರುವ ಮಕ್ಕಳ ಮನೆಗೆ ಹೋಗಿ ಬಂದ ನಮ್ಮ ಹಿರಿಯರು ಒಂದು ಸಂಗತಿಯನ್ನು ಆಶ್ಚರ್ಯದಿಂದ ಹೇಳುವುದುಂಟು. ಶನಿವಾರ ಬೆಳಿಗ್ಗೆ ಮೊಮ್ಮಕ್ಕಳು ಚರ್ಚಿನ ಹಾಲಿಗೆ ಹೋಗಿ ಡಬ್ಬಿ, ಪೊಟ್ಟಣಗಳನ್ನು ಜೋಡಿಸುತ್ತಾರಂತೆ. ಹೊರಗೆ ಜನ ಸಾಲಾಗಿ ನಿಂತಿರುತ್ತಾರಂತೆ. ಅಷ್ಟು ಸಿರಿವಂತ ದೇಶದಲ್ಲೂ ದಿನಸಿಗಾಗಿ ಸಾಲು ನಿಲ್ಲುವವರಿದ್ದಾರೆಯೇ ಎಂದು ಅವರು ಕೇಳುತ್ತಾರೆ. ಇದ್ದಾರೆ. ಆ ದೇಶದಲ್ಲಿ ಇಂಥ ಜಾಗಕ್ಕೆ ಫುಡ್ ಪ್ಯಾಂಟ್ರಿ ಎನ್ನುತ್ತಾರೆ. ನಮ್ಮ ಹಳೆಯ ಮನೆಗಳಲ್ಲಿ ಅಡುಗೆಮನೆಯ ಪಕ್ಕ ಅಕ್ಕಿ, ಬೇಳೆ, ಬೆಲ್ಲ ಇಡುವ ಕತ್ತಲೆ ಕೋಣೆ ಇರುತ್ತಿತ್ತಲ್ಲ, ಅದೇ ಆ ಮಾತಿನ ಅರ್ಥ. ನಮಗೆ ಉಗ್ರಾಣ ಎಂಬ ಒಳ್ಳೆಯ ಪದವಿದೆ. ಮದುವೆ ಮನೆಯಲ್ಲಿ ಉಗ್ರಾಣ ನೋಡಿಕೊಳ್ಳುವವರ ಜವಾಬ್ದಾರಿ ಎಂಥದ್ದೆಂದು ಎಲ್ಲರಿಗೂ ಗೊತ್ತು. ಊಟ ಚೆನ್ನಾಗಿದ್ದರೆ ಹೆಸರು ಅಡುಗೆಯವರಿಗೆ, ಏನಾದರೂ ಸಾಲದೆ ಹೋದರೆ ಬೈಗುಳ ಉಗ್ರಾಣದವರಿಗೆ!

ಮೂರು ಹೆಸರುಗಳನ್ನು ಬೇರೆಬೇರೆಯಾಗಿ ತಿಳಿದುಕೊಂಡರೆ ಮುಂದಿನ ಮಾತು ಸುಲಭವಾಗುತ್ತದೆ. ಬಿಸಿ ಊಟ ಬಡಿಸುವ ಜಾಗ ಒಂದು. ಅದು ನಮ್ಮ ಅನ್ನದಾನದ ಪಂಕ್ತಿಯಂತೆ. ಮನೆಗೆ ಒಯ್ದು ಅಡುಗೆ ಮಾಡಿಕೊಳ್ಳಲು ದಿನಸಿ ಕೊಡುವ ಜಾಗ ಇನ್ನೊಂದು, ಇದೇ ಪ್ಯಾಂಟ್ರಿ. ಇವೆರಡಕ್ಕೂ ಸಾಮಾನು ಪೂರೈಸುವ ದೊಡ್ಡ ಗೋದಾಮು ಮೂರನೆಯದು. ಅದಕ್ಕೆ ಫುಡ್ ಬ್ಯಾಂಕ್ ಎಂಬ ಹೆಸರು. ಫೀಡಿಂಗ್ ಅಮೆರಿಕ ಎಂಬ ಒಕ್ಕೂಟದಲ್ಲಿ ಸುಮಾರು 200 ಫುಡ್ ಬ್ಯಾಂಕ್‌ಗಳಿವೆ. ಅವುಗಳಿಂದ ಸಾಮಾನು ಪಡೆಯುವ ಪ್ಯಾಂಟ್ರಿಗಳು ಮತ್ತು ಊಟದ ಕೇಂದ್ರಗಳು ಒಟ್ಟು 60 ಸಾವಿರದಷ್ಟು. ಇವುಗಳಲ್ಲಿ ಬಹಳಷ್ಟು ನಡೆಯುವುದು ದೇವಾಲಯಗಳ ಹಾಲುಗಳಲ್ಲಿ, ಸಂಬಳವಿಲ್ಲದ ಕೈಗಳಿಂದ.

ಅಲ್ಲಿಗೆ ಬರುವವರೆಲ್ಲರೂ ಬೀದಿಯಲ್ಲಿ ಮಲಗುವವರಲ್ಲ. ದುಡಿಯುವವರೇ ಹಲವರು. ಬಾಡಿಗೆ, ಔಷಧಿ, ಕಾರಿನ ಪೆಟ್ರೋಲು ಕಳೆದ ಮೇಲೆ ಊಟಕ್ಕೆ ಕೈಯಲ್ಲಿ ಏನೂ ಉಳಿಯದವರು ಅವರು. ಪಿಂಚಣಿಯಲ್ಲಿ ಒಂಟಿಯಾಗಿ ಬದುಕುವ ಮುದುಕರಿದ್ದಾರೆ, ಹೊಸದಾಗಿ ಬಂದ ವಲಸಿಗರಿದ್ದಾರೆ. ಸರ್ಕಾರ ಬಡ ಕುಟುಂಬಗಳಿಗೆ ಆಹಾರಕ್ಕೆಂದು ತಿಂಗಳಿಗೊಮ್ಮೆ ಹಣ ಕೊಡುತ್ತದೆ. ಎಷ್ಟೋ ಮನೆಗಳಲ್ಲಿ ಅದು ತಿಂಗಳ ಕೊನೆಯವರೆಗೆ ಬಾಳುವುದಿಲ್ಲ. ಹೀಗಾಗಿ ತಿಂಗಳ ಕೊನೆಯ ವಾರದಲ್ಲಿ ಸಾಲು ಉದ್ದವಾಗುತ್ತದೆ. ಇದನ್ನು ಬಲ್ಲ ಸ್ವಯಂಸೇವಕರು ಮೊದಲ ವಾರದಲ್ಲೇ ಎಲ್ಲವನ್ನೂ ಖಾಲಿಮಾಡದೆ ಕೊನೆಯ ವಾರಕ್ಕೆ ಎತ್ತಿಡುತ್ತಾರೆ.

ಈ ಫುಡ್ ಬ್ಯಾಂಕ್ ಎಂಬುದು ಹುಟ್ಟಿದ್ದು ಒಂದು ಕಥೋಲಿಕ ಧರ್ಮಕೇಂದ್ರದ ನೆರಳಿನಲ್ಲಿ. ಅರಿಜೋನ ರಾಜ್ಯದ ಫೀನಿಕ್ಸ್ ನಗರದಲ್ಲಿ ಸಂತ ವಿನ್ಸೆಂಟ್ ದೆ ಪೌಲ್ ಸಭೆಯವರು ಬಡವರಿಗೆ ಊಟದ ಮನೆ ನಡೆಸುತ್ತಿದ್ದರು. 1960ರ ದಶಕದಲ್ಲಿ ಜಾನ್ ವ್ಯಾನ್ ಹೆಂಗೆಲ್ ಎಂಬವರು ಅಲ್ಲಿ ಸ್ವಯಂಸೇವಕರಾಗಿದ್ದರು. ಊರಿನ ತೋಟಗಳಲ್ಲಿ, ಮನೆಯಂಗಳಗಳಲ್ಲಿ ಕಿತ್ತಳೆ ಜಾತಿಯ ಹಣ್ಣುಗಳು ಕೀಳುವವರಿಲ್ಲದೆ ಹಾಳಾಗುವುದನ್ನು ನೋಡಿ, ಅವನ್ನು ಕೇಳಿ ತಂದು ಊಟದ ಮನೆಗೆ ಕೊಡುತ್ತಿದ್ದರು. ಕೊಯ್ಲಿನ ಹೊಲದ ಅಂಚನ್ನು ಪೂರ್ತಿ ಕೊಯ್ಯಬೇಡಿ, ಉದುರಿದ ತೆನೆಯನ್ನು ಬಡವರಿಗೂ ಪರದೇಶಿಗಳಿಗೂ ಬಿಡಿ ಎಂದು ಯಾಜಕಕಾಂಡದಲ್ಲಿ ದೇವರು ಆಜ್ಞಾಪಿಸಿದ್ದು ನಮಗೆ ಇಲ್ಲಿ ನೆನಪಾಗುತ್ತದೆ. ಬೋವಜನ ಹೊಲದಲ್ಲಿ ರೂತಳು ತೆನೆ ಆಯ್ದದ್ದು ಆ ಆಜ್ಞೆಯ ಬಲದಿಂದಲೇ. ತೆನೆಹಬ್ಬದಲ್ಲಿ ಹೊಸ ಭತ್ತದ ತೆನೆಯನ್ನು ಆಶೀರ್ವದಿಸಿ ಮನೆಗೆ ಒಯ್ಯುವ ನಮ್ಮ ಕರಾವಳಿಯ ಕುಟುಂಬಗಳಿಗೆ ಇದನ್ನು ವಿವರಿಸಬೇಕಾಗಿಲ್ಲ.

ಅಲ್ಲೇ ವ್ಯಾನ್ ಹೆಂಗೆಲರಿಗೆ ಹತ್ತು ಮಕ್ಕಳ ತಾಯಿಯೊಬ್ಬಳ ಪರಿಚಯವಾಯಿತು. ಆಕೆ ದಿನಸಿ ಅಂಗಡಿಗಳು ಹಿತ್ತಿಲ ತೊಟ್ಟಿಗೆ ಎಸೆದ ಆಹಾರದಲ್ಲಿ ಚೆನ್ನಾಗಿರುವುದನ್ನು ಆಯ್ದು ತಂದು ಮಕ್ಕಳನ್ನು ಸಾಕುತ್ತಿದ್ದಳು. ತಿನ್ನಲು ಯೋಗ್ಯವಾದದ್ದು ಎಷ್ಟೊಂದು ಎಸೆಯಲ್ಪಡುತ್ತದೆ ಎಂಬುದು ಆಕೆಗೆ ಗೊತ್ತಿತ್ತು. ಹಣ ಇಡಲು, ತೆಗೆಯಲು ಬ್ಯಾಂಕ್ ಇರುವಂತೆ ಆಹಾರವನ್ನು ಇಡಲು, ತೆಗೆಯಲು ಒಂದು ಜಾಗ ಯಾಕಿರಬಾರದು ಎಂಬ ಮಾತು ಬಂದದ್ದು ಆಕೆಯಿಂದ. ವ್ಯಾನ್ ಹೆಂಗೆಲ್ ತಮ್ಮ ಧರ್ಮಕೇಂದ್ರವಾದ ಸಂತ ಮರಿಯಮ್ಮನವರ ದೇವಾಲಯದ ಗುರುಗಳ ಬಳಿ ಹೋದರು. ಧರ್ಮಕೇಂದ್ರದವರು ಒಂದು ಹಳೆಯ ಬೇಕರಿ ಕಟ್ಟಡವನ್ನೂ 3,000 ಡಾಲರುಗಳನ್ನೂ ಕೊಟ್ಟರು. 1967ರಲ್ಲಿ ಸೇಂಟ್ ಮೇರೀಸ್ ಫುಡ್ ಬ್ಯಾಂಕ್ ಆರಂಭವಾಯಿತು. ಜಗತ್ತಿನ ಮೊದಲ ಫುಡ್ ಬ್ಯಾಂಕ್ ಎಂದು ಹೆಸರಾದದ್ದು ಇದೇ. ಮೊದಲ ವರ್ಷವೇ ನೂರು ಟನ್ನಿಗೂ ಹೆಚ್ಚು ಆಹಾರ ಅದರ ಮೂಲಕ ಹಂಚಿಹೋಯಿತು. ವ್ಯಾನ್ ಹೆಂಗೆಲ್ 2005ರಲ್ಲಿ ತೀರಿಕೊಂಡರು.

ಈ ಕಥೆಯಲ್ಲಿ ನಾವು ಸಾಮಾನ್ಯವಾಗಿ ಗಮನಿಸದ ಒಂದು ವಿಷಯವಿದೆ. ಕಟ್ಟಡ ಕೊಟ್ಟವರು ಧರ್ಮಕೇಂದ್ರದವರು, ಓಡಾಡಿದವರು ವ್ಯಾನ್ ಹೆಂಗೆಲ್. ಉಪಾಯ ಹೇಳಿದವಳು ಮಾತ್ರ ಸಾಲಿನಲ್ಲಿ ನಿಂತ ಬಡತಾಯಿ. ಆಕೆಯ ಮಾತನ್ನು ಕೇಳಿಸಿಕೊಳ್ಳುವವರು ಒಬ್ಬರಿದ್ದರು ಎಂಬುದೇ ಇಲ್ಲಿ ಮುಖ್ಯ. ಕೊಡುವ ಕೈ ಮೇಲೆ, ಪಡೆಯುವ ಕೈ ಕೆಳಗೆ ಎಂದು ತಿಳಿದವರಾಗಿದ್ದರೆ ಒಂದು ತಟ್ಟೆ ಊಟ ಬಡಿಸಿ ಕಳುಹಿಸುತ್ತಿದ್ದರು, ಅಷ್ಟೇ.

ಫೀನಿಕ್ಸ್‌ನ ಉಗ್ರಾಣಕ್ಕೆ ಸರಿಯಾಗಿ 350 ವರ್ಷ ಮೊದಲು, 1617ರಲ್ಲಿ, ವಿನ್ಸೆಂಟರು ಫ್ರಾನ್ಸಿನ ಷಾಟಿಯೋನ್ ಎಂಬ ಸಣ್ಣ ಊರಿನ ಧರ್ಮಕೇಂದ್ರದ ಗುರುಗಳಾಗಿದ್ದರು. ಆಗಸ್ಟ್ 20, ಭಾನುವಾರ. ಪೂಜೆಗೆ ಸಿದ್ಧರಾಗುತ್ತಿದ್ದಾಗ ಒಬ್ಬ ಮಹಿಳೆ ಬಂದು, ಊರಿಂದ ಸ್ವಲ್ಪ ದೂರದ ಒಂದು ಮನೆಯಲ್ಲಿ ಎಲ್ಲರೂ ಕಾಯಿಲೆ ಬಿದ್ದಿದ್ದಾರೆ, ನೋಡಿಕೊಳ್ಳಲು ಒಬ್ಬರೂ ಇಲ್ಲ ಎಂದರು. ವಿನ್ಸೆಂಟರು ಪ್ರಬೋಧನೆಯಲ್ಲಿ ಅದನ್ನೇ ಹೇಳಿದರು. ಸಂಜೆ ಅವರು ಆ ಮನೆಯತ್ತ ಹೊರಟಾಗ ದಾರಿ ತುಂಬ ಜನ! ಹೆಂಗಸರು ಗುಂಪುಗುಂಪಾಗಿ ಆಹಾರ ಹೊತ್ತು ಹೋಗುತ್ತಿದ್ದಾರೆ, ಇನ್ನು ಕೆಲವರು ಕೊಟ್ಟು ವಾಪಸು ಬರುತ್ತಿದ್ದಾರೆ. ಬಿಸಿಲಿಗೆ ದಣಿದು ರಸ್ತೆಯ ಬದಿಯಲ್ಲಿ ಕುಳಿತವರೂ ಇದ್ದರು.

ಬೇರೊಬ್ಬ ಗುರುಗಳಾಗಿದ್ದರೆ ತಮ್ಮ ಪ್ರಬೋಧನೆಯ ಪ್ರಭಾವವನ್ನು ಕಂಡು ಸಂತೋಷಪಟ್ಟು ಮಲಗುತ್ತಿದ್ದರೇನೋ. ವಿನ್ಸೆಂಟರು ರೈತ ಕುಟುಂಬದಲ್ಲಿ ಹುಟ್ಟಿ ಬೆಳೆದವರು. ಆಹಾರ ಎಷ್ಟು ದಿನ ಉಳಿಯುತ್ತದೆ ಎಂಬುದು ಅವರಿಗೆ ಗೊತ್ತಿತ್ತು. ಒಂದೇ ದಿನ ಇಷ್ಟು ಬಂದರೆ ಅರ್ಧ ಕೆಟ್ಟುಹೋಗುತ್ತದೆ, ನಾಳಿದ್ದು ಆ ಮನೆಯವರು ಮತ್ತೆ ಉಪವಾಸ ಬೀಳುತ್ತಾರೆ ಎಂದು ಅವರು ಯೋಚಿಸಿದರು. ಊರವರಲ್ಲಿ ಕರುಣೆಗೆ ಕೊರತೆ ಇರಲಿಲ್ಲ, ಏರ್ಪಾಡಿಗೆ ಕೊರತೆ ಇತ್ತು. ಮೂರೇ ದಿನಗಳಲ್ಲಿ ಕೆಲವು ಸ್ತ್ರೀಯರನ್ನು ಕೂಡಿಸಿ, ದಿನಕ್ಕೊಬ್ಬರಂತೆ ಸರದಿ ಹಾಕಿದರು. ಸ್ವಲ್ಪ ತಿಂಗಳಲ್ಲಿ ಅದಕ್ಕೆ ಲಿಖಿತ ನಿಯಮಾವಳಿಯೂ ಆಯಿತು. ರೋಗಿಗೆ ರೊಟ್ಟಿ ಎಷ್ಟು, ಮಾಂಸ ಎಷ್ಟು, ಸೂಪು ಹೇಗೆ ಎಂಬ ವಿವರವೆಲ್ಲ ಅದರಲ್ಲಿದೆ. ಊಟ ಒಯ್ದವರು ಬಾಗಿಲಲ್ಲಿ ಇಟ್ಟು ಬರುವಂತಿಲ್ಲ. ನಗುಮುಖದಿಂದ ಮಾತನಾಡಿಸಬೇಕು, ಊಟಕ್ಕೆ ಅಣಿಮಾಡಿ ಕೊಡಬೇಕು, ಒಂದೆರಡು ಒಳ್ಳೆಯ ಮಾತು ಆಡಬೇಕು. ಮನೆಯಲ್ಲಿ ಜೊತೆಗೆ ಯಾರಾದರೂ ಇರುವ ರೋಗಿಯಿಂದ ಶುರುಮಾಡಿ, ಯಾರೂ ಇಲ್ಲದ ಒಂಟಿ ರೋಗಿಯ ಬಳಿಗೆ ಕೊನೆಯಲ್ಲಿ ಹೋಗಬೇಕೆಂದೂ ಅದರಲ್ಲಿದೆ. ಕಾರಣ? ಕೊನೆಯಲ್ಲಿ ಹೋದರೆ ಅವರೊಡನೆ ಹೆಚ್ಚು ಹೊತ್ತು ಕೂರಬಹುದು. ನಮ್ಮ ಕಾಲದ ಎಷ್ಟು ಸಂಸ್ಥೆಗಳ ನಿಯಮಾವಳಿಯಲ್ಲಿ ಇಂಥದ್ದೊಂದು ಸಾಲು ಸಿಕ್ಕೀತು?

ಮುಂದೆ ಇದೇ ಕೆಲಸದಲ್ಲಿ ಮಾರ್ಗರೀತ್ ನಾಸೋ ಎಂಬ ದನಕಾಯುವ ಹುಡುಗಿ ಬಂದು ಸೇರಿದಳು. ಶಾಲೆಯ ಮುಖ ಕಾಣದೆ ತಾನೇ ಓದು ಕಲಿತು ಇತರ ಹೆಣ್ಣುಮಕ್ಕಳಿಗೂ ಕಲಿಸಿದವಳು ಆಕೆ. ಪ್ಲೇಗ್ ಹಿಡಿದ ಸ್ತ್ರೀಯೊಬ್ಬಳಿಗೆ ತನ್ನ ಹಾಸಿಗೆಯಲ್ಲೇ ಜಾಗ ಕೊಟ್ಟು, 1633ರಲ್ಲಿ ಅದೇ ರೋಗದಿಂದ ತೀರಿಕೊಂಡಳು. ಅದೇ ವರ್ಷ ವಿನ್ಸೆಂಟರೂ ಸಂತ ಲೂಯೀಸ್ ದೆ ಮಾರಿಯಾಕರೂ ಸ್ಥಾಪಿಸಿದ ಕರುಣೆಯ ಪುತ್ರಿಯರ ಸಭೆಯು ಆಕೆಯನ್ನೇ ತಮ್ಮಲ್ಲಿ ಮೊದಲಿಗಳೆಂದು ನೆನೆಯುತ್ತದೆ. ಇಲ್ಲಿಯೂ ದಾರಿ ತೋರಿದ್ದು ಬಡವರ ಮನೆಯ ಮಗಳೇ.

ಇನ್ನೂ ಹಿಂದಕ್ಕೆ, ಜೆರುಸಲೇಮಿಗೆ ಹೋಗೋಣ. ಪ್ರೇಷಿತರ ಕಾರ್ಯಕಲಾಪಗಳ ಆರನೆಯ ಅಧ್ಯಾಯವನ್ನು ನಾವು ಸಂತ ಸ್ತೇಫನರ ಹಬ್ಬದ ಸಂಬಂಧವಾಗಿ ಕೇಳಿರುತ್ತೇವೆ. ಅದು ಆರಂಭವಾಗುವುದು ಒಂದು ಗೊಣಗಾಟದಿಂದ. ಪ್ರತಿದಿನ ನಡೆಯುತ್ತಿದ್ದ ಹಂಚಿಕೆಯಲ್ಲಿ ಗ್ರೀಕ್ ಮಾತನಾಡುವವರ ವಿಧವೆಯರನ್ನು ಕಡೆಗಣಿಸಲಾಗುತ್ತಿದೆ ಎಂಬ ದೂರು ಅದು. ಪವಿತ್ರಾತ್ಮರು ಇಳಿದುಬಂದು ಇನ್ನೂ ಹೆಚ್ಚು ಕಾಲವಾಗಿಲ್ಲ, ಆಗಲೇ ಧರ್ಮಸಭೆಯ ಮೊದಲ ಉಗ್ರಾಣದಲ್ಲಿ ತಕರಾರು! ಪ್ರೇಷಿತರು ದೂರು ಹೇಳಿದವರನ್ನು ಗದರಿಸಲಿಲ್ಲ. ಪುಕ್ಕಟೆ ಸಿಕ್ಕಿದ್ದರಲ್ಲೂ ತಪ್ಪು ಹುಡುಕುತ್ತೀರಾ ಎನ್ನಲಿಲ್ಲ. ಪವಿತ್ರಾತ್ಮಭರಿತರೂ ಜ್ಞಾನಿಗಳೂ ಆದ ಏಳು ಮಂದಿಯನ್ನು ಆರಿಸಿಕೊಡಿರಿ ಎಂದು ಸಮುದಾಯಕ್ಕೇ ಹೇಳಿದರು. ಆಯ್ಕೆಯಾದವರ ಹೆಸರುಗಳನ್ನು ನೋಡಿ: ಸ್ತೇಫನ, ಫಿಲಿಪ್ಪ, ಪ್ರೊಖೋರ, ನಿಕನೋರ, ತಿಮೋನ, ಪರ್ಮೇನ, ನಿಕೊಲಾಯ. ಏಳೂ ಗ್ರೀಕ್ ಹೆಸರುಗಳು. ಯಾರ ವಿಧವೆಯರಿಗೆ ಅನ್ಯಾಯವಾಗಿತ್ತೋ ಅವರ ಕಡೆಯವರ ಕೈಗೇ ಉಗ್ರಾಣದ ಕೀಲಿಕೈ ಹೋಯಿತು ಎಂದೇ ಅನೇಕ ವ್ಯಾಖ್ಯಾನಕಾರರು ಇದನ್ನು ಓದುತ್ತಾರೆ. ಅಕ್ಕಿ ಅಳೆಯುವ ಕೆಲಸಕ್ಕೆ ಪವಿತ್ರಾತ್ಮಭರಿತರೇ ಬೇಕೆಂದು ಪ್ರೇಷಿತರು ಕೇಳಿದ್ದನ್ನೂ ನಾವು ಮರೆಯಬಾರದು.

ಆಮೇಲಿನ ಶತಮಾನಗಳಲ್ಲೂ ಈ ಕೆಲಸ ನಿಲ್ಲಲಿಲ್ಲ. ಎರಡನೆಯ ಶತಮಾನದ ಸಂತ ಜಸ್ಟಿನರು ಭಾನುವಾರದ ಆರಾಧನೆಯನ್ನು ವರ್ಣಿಸುವಾಗ, ಅಲ್ಲಿ ಕೂಡಿದ ಕಾಣಿಕೆಯು ಅನಾಥರಿಗೆ, ವಿಧವೆಯರಿಗೆ, ರೋಗಿಗಳಿಗೆ, ಸೆರೆಯಲ್ಲಿರುವವರಿಗೆ, ಪರದೇಶಿಗಳಿಗೆ ಹೋಗುತ್ತದೆಂದು ಬರೆದಿದ್ದಾರೆ. ಸುಮಾರು 251ರಲ್ಲಿ ವಿಶ್ವಗುರು ಕೊರ್ನೇಲಿಯುಸರು ಬರೆದ ಪತ್ರದ ಪ್ರಕಾರ ರೋಮಿನ ಧರ್ಮಸಭೆಯು 1,500ಕ್ಕೂ ಹೆಚ್ಚು ವಿಧವೆಯರನ್ನೂ ದಿಕ್ಕಿಲ್ಲದವರನ್ನೂ ಪೋಷಿಸುತ್ತಿತ್ತು. 258ರಲ್ಲಿ ರಕ್ತಸಾಕ್ಷಿಯಾದ ಸಂತ ಲಾರೆನ್ಸರು ಅದೇ ನಗರದ ಉಪಯಾಜಕರು. ಧರ್ಮಸಭೆಯ ಸಂಪತ್ತನ್ನು ಒಪ್ಪಿಸು ಎಂದ ಅಧಿಕಾರಿಯ ಮುಂದೆ ಅವರು ಬಡವರನ್ನು ಕರೆತಂದು ನಿಲ್ಲಿಸಿದರೆಂದು ಸಂಪ್ರದಾಯ ಹೇಳುತ್ತದೆ. ಹಾಗೆ ಕರೆತರಬೇಕಾದರೆ ಯಾರು ಎಲ್ಲಿದ್ದಾರೆ, ಯಾರ ಹೆಸರೇನು ಎಂಬುದು ಅವರಿಗೆ ಗೊತ್ತಿರಲೇಬೇಕಲ್ಲವೇ?

ಈಗ ಪ್ಯಾಂಟ್ರಿಯ ಒಳಗೆ ಹೋಗಿ ಸ್ವಯಂಸೇವಕರ ಕೆಲಸವನ್ನು ನೋಡೋಣ. ಮೊದಲೇ ಹೇಳಿಬಿಡುತ್ತೇವೆ, ಅದರಲ್ಲಿ ಮುಕ್ಕಾಲುಪಾಲು ಬೇಸರದ ಕೆಲಸ. ಬಂದ ಸಾಮಾನನ್ನು ಬಿಚ್ಚುವುದು, ವಿಂಗಡಿಸುವುದು, ತಾರೀಖು ನೋಡುವುದು, ಕಪಾಟಿನಲ್ಲಿ ಜೋಡಿಸುವುದು, ಖಾಲಿ ಪೆಟ್ಟಿಗೆಗಳನ್ನು ಮಡಚಿ ಕಟ್ಟುವುದು, ನೆಲ ಗುಡಿಸುವುದು. ಹಳೆಯ ಸಾಮಾನು ಮುಂದೆ, ಹೊಸದು ಹಿಂದೆ ಎಂಬುದು ಮೊದಲ ಪಾಠ. ಇದು ನಮ್ಮ ಯಾವ ಕಿರಾಣಿ ಅಂಗಡಿಯವರಿಗೂ ಗೊತ್ತಿರುವ ವಿಷಯವೇ. ಡಬ್ಬಿ ಉಬ್ಬಿದ್ದರೆ, ಸೋರುತ್ತಿದ್ದರೆ, ಅಂಚಿನ ಬೆಸುಗೆಯ ಮೇಲೆ ಜಜ್ಜಿಹೋಗಿದ್ದರೆ ಎರಡನೆಯ ಯೋಚನೆಯಿಲ್ಲದೆ ಎಸೆಯಬೇಕು. ಒಳಗೆ ಪ್ರಾಣ ತೆಗೆಯುವಂಥ ವಿಷ ಹುಟ್ಟಿರಬಹುದು. ಆದರೆ ಅಮೆರಿಕದಲ್ಲಿ ಪೊಟ್ಟಣದ ಮೇಲಿನ ತಾರೀಖುಗಳಲ್ಲಿ ಹೆಚ್ಚಿನವು ರುಚಿ ಚೆನ್ನಾಗಿರುವ ಅವಧಿಯನ್ನು ಸೂಚಿಸುವಂಥವು. ಆ ದಿನ ದಾಟಿದ ಮಾತ್ರಕ್ಕೆ ಎಲ್ಲವೂ ವಿಷವಾಗುವುದಿಲ್ಲ. ಹಸುಗೂಸಿನ ಹಾಲಿನ ಪುಡಿ ಮಾತ್ರ ಇದಕ್ಕೆ ಹೊರತು. ಅದರ ತಾರೀಖು ದಾಟಿದರೆ ಯಾರಿಗೂ ಕೊಡುವಂತಿಲ್ಲ. ಒಳ್ಳೆಯ ಮನಸ್ಸಿನಿಂದ ಆಹಾರ ದಾನ ಮಾಡಿದ ಅಂಗಡಿಯವರ ಮೇಲೆ ಮೊಕದ್ದಮೆ ಬೀಳದಂತೆ ಅಲ್ಲಿ 1996ರಲ್ಲಿ ಒಂದು ಕಾನೂನನ್ನೇ ಮಾಡಲಾಯಿತು. ಅದಕ್ಕೆ ಇಟ್ಟ ಹೆಸರಿನಲ್ಲಿ ಶುಭಸಂದೇಶದ ದಯಾಳು ಸಮಾರಿಯನೂ ಇದ್ದಾನೆ.

ದಾನ ಬರುವ ಚೀಲಗಳನ್ನು ಬಿಚ್ಚುವವರಿಗೆ ಮನುಷ್ಯಸ್ವಭಾವದ ಪರಿಚಯ ಚೆನ್ನಾಗಿ ಆಗುತ್ತದೆ. ತಮಗಾಗಿ ಕೊಂಡದ್ದರಲ್ಲೇ ಒಳ್ಳೆಯದನ್ನು ಎತ್ತಿ ಕೊಟ್ಟವರಿರುತ್ತಾರೆ. ಮನೆಯಲ್ಲಿ ಯಾರೂ ತಿನ್ನದ, ಮೂರು ವರ್ಷ ಅಟ್ಟದಲ್ಲಿದ್ದ ಪೊಟ್ಟಣವನ್ನು ಬಡವರಿಗೆ ಎಂದು ಕಳುಹಿಸಿದವರೂ ಇರುತ್ತಾರೆ. ಉಗ್ರಾಣಕ್ಕೆ ಕೊಡುವಾಗ ಒಂದೇ ಪ್ರಶ್ನೆ ಸಾಕು: ನಾಳೆ ನಮ್ಮ ಮನೆಗೆ ಬರುವ ನೆಂಟರಿಗೆ ಇದನ್ನು ಬಡಿಸುತ್ತೇವೆಯೇ?

ಹಂಚುವ ಕ್ರಮದಲ್ಲಿ ಎರಡು ಬಗೆಯಿದೆ. ಹಿಂದಿನಿಂದ ಬಂದದ್ದು, ಎಲ್ಲರಿಗೂ ಒಂದೇ ಥರದ ಚೀಲ ಕಟ್ಟಿ ಕೊಡುವುದು. ಇದರಲ್ಲಿ ಕೆಲಸ ಬೇಗ ಮುಗಿಯುತ್ತದೆ. ಆದರೆ ಸಕ್ಕರೆ ಕಾಯಿಲೆಯವರಿಗೂ ಸಿಹಿತಿಂಡಿ, ಹಲ್ಲಿಲ್ಲದ ಅಜ್ಜಿಗೂ ಗಟ್ಟಿ ಬಿಸ್ಕತ್ತು, ಒಲೆಯಿಲ್ಲದೆ ಬಾಡಿಗೆ ಕೋಣೆಯಲ್ಲಿರುವವರಿಗೂ ಬೇಯಿಸಬೇಕಾದ ಕಾಳು ಹೋಗುತ್ತದೆ. ಅಲ್ಲಿ ತಿನ್ನಲಾಗದ್ದು ಕಸವಾಗುತ್ತದೆ. ಈಚಿನ ದಶಕಗಳಲ್ಲಿ ಅನೇಕ ಪ್ಯಾಂಟ್ರಿಗಳು ಅಂಗಡಿಯಂತೆ ಕಪಾಟುಗಳನ್ನು ಇಟ್ಟು, ಬಂದವರೇ ತಮಗೆ ಬೇಕಾದದ್ದನ್ನು ಆರಿಸಿಕೊಳ್ಳುವಂತೆ ಮಾಡಿವೆ. ಮನೆಯಲ್ಲಿ ಎಷ್ಟು ಜನ ಎಂಬುದರ ಮೇಲೆ ಇಂತಿಷ್ಟು ಎಂಬ ಮಿತಿ ಇರುತ್ತದೆ, ಅಷ್ಟೇ. ಹಾಳಾಗುವುದು ಕಡಿಮೆಯಾಗುತ್ತದೆ. ಅದಕ್ಕಿಂತ ದೊಡ್ಡ ಲಾಭವೆಂದರೆ, ಬಂದವರು ತಲೆತಗ್ಗಿಸಿ ಚೀಲ ಹಿಡಿಯುವ ಬದಲು ಬುಟ್ಟಿ ಹಿಡಿದು ಮನೆಯ ಯಜಮಾನಿಯಂತೆ ಓಡಾಡುತ್ತಾರೆ. ಸ್ವಯಂಸೇವಕರು ಪಕ್ಕದಲ್ಲಿ ನಡೆಯುತ್ತಾ ಇದು ಬೇಕೇ, ಅದು ಬೇಕೇ ಎಂದು ಕೇಳುತ್ತಾರೆ. ಕೆಲಸ ಹೆಚ್ಚು, ಸಮಯ ಹೆಚ್ಚು. ಆದರೂ ನಮ್ಮ ಅಭಿಪ್ರಾಯದಲ್ಲಿ ಇದೇ ಸರಿಯಾದ ದಾರಿ.

ಸ್ವಯಂಸೇವಕರಿಗೆ ಅತಿ ಕಠಿಣವಾದದ್ದು ಮಾತು. ಏನು ಕೇಳಬೇಕು, ಏನು ಕೇಳಬಾರದು? ಹೆಸರು, ವಾಸದ ಪ್ರದೇಶ, ಮನೆಯಲ್ಲಿ ಎಷ್ಟು ಜನ ಎಂಬುದು ದಾಖಲೆಗೆ ಬೇಕು. ಗಂಡ ಎಲ್ಲಿ, ಕೆಲಸ ಯಾಕೆ ಹೋಯಿತು, ಕೈಯಲ್ಲಿ ಒಳ್ಳೆಯ ಫೋನ್ ಇದೆಯಲ್ಲ ಎಂಬುದು ಬೇಡ. ಆ ಫೋನ್ ಕೆಲಸವಿದ್ದ ದಿನಗಳಲ್ಲಿ ಕೊಂಡದ್ದಿರಬಹುದು. ಹೊಸ ಕೆಲಸದ ಕರೆ ಬರಬೇಕಾದದ್ದೂ ಅದರಲ್ಲೇ. ಪರಿಚಯದವರು ನೋಡುತ್ತಾರೆಂಬ ನಾಚಿಕೆಯಿಂದ ಹತ್ತಿರದ ದೇವಾಲಯವನ್ನು ಬಿಟ್ಟು ದೂರದ ಪ್ಯಾಂಟ್ರಿಗೆ ಹೋಗುವವರಿದ್ದಾರೆ. ಬಾಗಿಲವರೆಗೆ ಬಂದು ಹಿಂದಿರುಗುವವರೂ ಇದ್ದಾರೆ. ಅವರನ್ನು ಒಳಗೆ ಕರೆಯುವುದು ಬಾಗಿಲಲ್ಲಿ ನಿಂತವರ ಮುಖ. ಬನ್ನಿ, ಕೂತುಕೊಳ್ಳಿ, ನೀರು ಕುಡಿಯುತ್ತೀರಾ ಎಂದು ಕೇಳಲು ನಮ್ಮ ಹಳ್ಳಿಯ ಯಾವ ತಾಯಿಗೂ ತರಬೇತಿ ಬೇಕಾಗಿಲ್ಲ.

ಅಕ್ಕಿಯ ಜೊತೆಗೆ ಷರತ್ತನ್ನೂ ಕಟ್ಟಿ ಕೊಡಬಾರದು. ನಾಲ್ಕನೆಯ ಶತಮಾನದಲ್ಲಿ ಕ್ರೈಸ್ತಧರ್ಮವನ್ನು ತೊರೆದ ಚಕ್ರವರ್ತಿ ಜೂಲಿಯನ್, ಈ ಗಲಿಲೇಯದವರು ತಮ್ಮ ಬಡವರನ್ನಷ್ಟೇ ಅಲ್ಲ ನಮ್ಮ ಬಡವರನ್ನೂ ಪೋಷಿಸುತ್ತಿದ್ದಾರೆ ಎಂದು ಸಂಕಟಪಟ್ಟು ಬರೆದ. ಕ್ರೈಸ್ತರಿಗೆ ಸಿಕ್ಕ ಪ್ರಶಂಸಾಪತ್ರಗಳಲ್ಲಿ ಇದಕ್ಕಿಂತ ಒಳ್ಳೆಯದು ಇನ್ನೊಂದಿಲ್ಲ! ವಿಶ್ವಗುರು ಹದಿನಾರನೇ ಬೆನೆಡಿಕ್ಟರು 2005ರ ಡಿಸೆಂಬರ್ 25ರ ದಿನಾಂಕದ ತಮ್ಮ ಮೊದಲ ವಿಶ್ವಪತ್ರದಲ್ಲಿ ಜೂಲಿಯನನನ್ನು ನೆನೆದಿದ್ದಾರೆ. ಪ್ರೀತಿಯ ಸೇವೆಯನ್ನು ಬೇರೊಂದು ಗುರಿಯ ಸಾಧನವಾಗಿ ಬಳಸಬಾರದೆಂದು ಅದೇ ಪತ್ರದಲ್ಲಿ ಸ್ಪಷ್ಟವಾಗಿ ಬೋಧಿಸಿದ್ದಾರೆ.

ಹಾಗಾದರೆ ನಮ್ಮ ನಾಡಿನಲ್ಲಿ ಇಂಥ ಉಗ್ರಾಣ ಬೇಕೇ? 2013ರ ರಾಷ್ಟ್ರೀಯ ಆಹಾರ ಭದ್ರತಾ ಕಾಯ್ದೆ ಇದೆ. ಅದೇ ವರ್ಷ ಕರ್ನಾಟಕದಲ್ಲಿ ಅನ್ನಭಾಗ್ಯ ಯೋಜನೆ ಆರಂಭವಾಯಿತು. ಕಾರ್ಡ್ ಇರುವ ಮನೆಗೆ ನ್ಯಾಯಬೆಲೆ ಅಂಗಡಿಯಿಂದ ಧಾನ್ಯ ಬರುತ್ತದೆ. ಇದು ದೊಡ್ಡ ಸಂಗತಿ. ಧರ್ಮಕೇಂದ್ರದ ಉಗ್ರಾಣ ಅದರ ಜಾಗವನ್ನು ತುಂಬಲಾರದು, ತುಂಬಲೂ ಬೇಕಾಗಿಲ್ಲ. ಆದರೆ ಕಾರ್ಡಿಗೆ ಅರ್ಜಿ ಹಾಕಿ ಕಾಯುತ್ತಿರುವವರಿದ್ದಾರೆ. ಸವೆದ ಬೆರಳಿನ ಗುರುತು ಯಂತ್ರಕ್ಕೆ ಹತ್ತದ ಮುದುಕಿಯರಿದ್ದಾರೆ. ಕಟ್ಟಡ ಕೆಲಸಕ್ಕೆ ಬೇರೆ ಜಿಲ್ಲೆಯಿಂದ, ಬೇರೆ ರಾಜ್ಯದಿಂದ ಬಂದು, ತಮ್ಮ ಕಾರ್ಡ್ ಇಲ್ಲಿಯೂ ನಡೆಯುತ್ತದೆಂದು ತಿಳಿಯದವರಿದ್ದಾರೆ. ದುಡಿಯುವ ಒಬ್ಬನೇ ಆಸ್ಪತ್ರೆ ಸೇರಿದ ಮನೆಯಲ್ಲಿ ಅಕ್ಕಿ ಇರುತ್ತದೆ, ಸಾರಿಗೆ ಬೇಳೆ ಇರುವುದಿಲ್ಲ. ಇಂಥ ಮನೆಗೆ ನಾವು ಮತ್ತೆ ಅಕ್ಕಿಯನ್ನೇ ಹೊತ್ತುಕೊಂಡು ಹೋದರೆ ಏನು ಪ್ರಯೋಜನ? ತೊಗರಿಬೇಳೆ, ಅಡುಗೆ ಎಣ್ಣೆ, ಹಾಲಿನ ಪುಡಿ, ಸಾಬೂನು, ಹೆಣ್ಣುಮಕ್ಕಳಿಗೆ ಪ್ಯಾಡ್, ಗ್ಯಾಸ್ ಸಿಲಿಂಡರಿಗೆ ಸ್ವಲ್ಪ ಹಣ, ಇವು ಬೇಕಾಗಿರಬಹುದು. ಕಾರ್ಡಿನ ಅರ್ಜಿ ತುಂಬಿಕೊಡಲು ಓದಿದ ಯುವಕನೊಬ್ಬ ಬೇಕಾಗಿರಬಹುದು. ಕೇಳದೆ ತಿಳಿಯುವುದಿಲ್ಲ.

ಕೇಳುವುದಕ್ಕೆ ನಮ್ಮಲ್ಲಿ ದಾರಿ ಈಗಾಗಲೇ ಇದೆ. 1833ರಲ್ಲಿ ಪ್ಯಾರಿಸ್‌ನಲ್ಲಿ ಫ್ರೆಡರಿಕ್ ಓಜಾನಮ್ ಎಂಬ ಇಪ್ಪತ್ತು ವರ್ಷದ ವಿದ್ಯಾರ್ಥಿ ಗೆಳೆಯರ ಜೊತೆ ಆರಂಭಿಸಿದ ಸಂತ ವಿನ್ಸೆಂಟ್ ದೆ ಪೌಲ್ ಸಭೆ 1863ರಿಂದ ಭಾರತದಲ್ಲಿದೆ. ನಮ್ಮ ಹಲವು ಧರ್ಮಕೇಂದ್ರಗಳಲ್ಲಿ ಅದರ ಘಟಕಗಳಿವೆ. ಬಡವರ ಮನೆಗೆ ಇಬ್ಬಿಬ್ಬರಾಗಿ ಹೋಗಿ, ಕುಳಿತು, ಮಾತನಾಡಿ ಬರುವುದು ಆ ಸಭೆಯ ಮೂಲ ಪದ್ಧತಿ. ಓಜಾನಮ್ ಮತ್ತವರ ಗೆಳೆಯರಿಗೆ ಅದನ್ನು ಕಲಿಸಿದವರು ಕರುಣೆಯ ಪುತ್ರಿಯರ ಸಭೆಯ ಸಿಸ್ಟರ್ ರೊಸಾಲಿ ರಾಂದು. ಓಜಾನಮರನ್ನು 1997ರಲ್ಲಿ, ರೊಸಾಲಿಯವರನ್ನು 2003ರಲ್ಲಿ ಧರ್ಮಸಭೆ ಧನ್ಯರೆಂದು ಘೋಷಿಸಿತು. ಕಿರು ಕ್ರೈಸ್ತ ಸಮುದಾಯಗಳ ಸಭೆಯಲ್ಲೂ ಯಾವ ಮನೆಯ ಒಲೆ ಹೊತ್ತಿಲ್ಲ ಎಂಬುದು ಗೊತ್ತಾಗುತ್ತದೆ. ಗೊತ್ತಾದದ್ದು ಅಲ್ಲಿಯೇ ನಿಲ್ಲಬೇಕು, ಊರಿಡೀ ಹರಡಬಾರದು.

ಇಲ್ಲಿ ಒಂದು ಮಾತನ್ನು ಖಾರವಾಗಿಯೇ ಹೇಳಬೇಕಾಗಿದೆ. 2020ರ ಲಾಕ್‌ಡೌನ್ ದಿನಗಳಲ್ಲಿ ಅನೇಕ ಧರ್ಮಕೇಂದ್ರಗಳೂ ಸಂಘಸಂಸ್ಥೆಗಳೂ ದಿನಸಿ ಕಿಟ್ ಹಂಚಿ ಎಷ್ಟೋ ಮನೆಗಳನ್ನು ಉಳಿಸಿದವು. ಅದೇ ಹೊತ್ತಿಗೆ ಒಂದು ಕಿಟ್ಟನ್ನು ಐದಾರು ಕೈಗಳು ಹಿಡಿದು, ನಡುವೆ ಪಡೆಯುವವರನ್ನು ನಿಲ್ಲಿಸಿ ಫೋಟೋ ತೆಗೆಯುವುದೂ ನಾಡಿನಲ್ಲೆಲ್ಲ ಬೆಳೆಯಿತು. ಆ ಚಿತ್ರ ಫೋನಿನಿಂದ ಫೋನಿಗೆ ಹೋಗುತ್ತದೆ. ಆ ತಾಯಿಯ ಮಗ ಓದುವ ಶಾಲೆಯ ಮಕ್ಕಳೂ ಅದನ್ನು ನೋಡುತ್ತಾರೆ. ಹತ್ತು ಕಿಲೋ ಅಕ್ಕಿಗೆ ಆಕೆ ತೆತ್ತ ಬೆಲೆ ಅದು. ಬಲಗೈ ಕೊಟ್ಟದ್ದು ಎಡಗೈಗೆ ತಿಳಿಯಬಾರದೆಂದು ಯೇಸುಸ್ವಾಮಿ ಹೇಳಿದ್ದು ಕ್ಯಾಮೆರಾ ಇಲ್ಲದ ಕಾಲದಲ್ಲಿ. ದಾನಿಗಳಿಗೆ ಲೆಕ್ಕ ತೋರಿಸಬೇಕೆಂಬುದು ನಿಜ. ಅದಕ್ಕೆ ರಸೀದಿ, ದಾಸ್ತಾನು ಪುಸ್ತಕ, ಎಷ್ಟು ಮನೆಗಳಿಗೆ ಎಷ್ಟು ಕಿಲೋ ಹೋಯಿತೆಂಬ ಅಂಕಿ ಸಾಕು. ಮುಖಗಳು ಬೇಡ.

ಉಗ್ರಾಣವನ್ನು ಆರಂಭಿಸಲು ದೊಡ್ಡ ಕಟ್ಟಡ ಬೇಕಿಲ್ಲ. ಇಲಿ, ತೇವ ಬಾರದ ಒಂದು ಕೋಣೆ, ಮುಚ್ಚಳವಿರುವ ಡಬ್ಬಗಳು, ಒಂದು ತಕ್ಕಡಿ, ಎರಡು ಪುಸ್ತಕ, ಕೀಲಿಕೈ ಹಿಡಿಯುವ ಇಬ್ಬರು. ಒಬ್ಬರೇ ಸಾಲದು, ಲೆಕ್ಕದಲ್ಲಿ ಅನುಮಾನ ಹುಟ್ಟಿದರೆ ಕೆಲಸವೇ ಕೆಡುತ್ತದೆ. ಬೇಳೆಕಾಳನ್ನು ಆಗಾಗ ಬಿಸಿಲಿಗೆ ಹಾಕಿ, ಹುಳು ನೋಡಿ ಆರಿಸುವ ಕೆಲಸಕ್ಕೆ ನಮ್ಮ ಅಜ್ಜಿಯರಿಗಿಂತ ಬಲ್ಲವರು ಇನ್ನಾರು? ಧರ್ಮೋಪದೇಶದ ಮಕ್ಕಳು ಪೊಟ್ಟಣ ಕಟ್ಟಬಹುದು, ತಾರೀಖು ಬರೆಯಬಹುದು. ಹಂಚುವ ಹೊತ್ತಿನಲ್ಲಿ ಮಾತ್ರ ಅವರು ಅಲ್ಲಿರದಿದ್ದರೆ ಒಳ್ಳೆಯದು, ಬರುವವರಲ್ಲಿ ಸಹಪಾಠಿಯ ತಾಯಿ ಇರಬಹುದು. ಸಹಾಯ ಪಡೆಯುವ ಮನೆಗಳಿಂದಲೇ ಒಬ್ಬಿಬ್ಬರನ್ನು ಉಗ್ರಾಣದ ಸಮಿತಿಗೆ ಸೇರಿಸಿಕೊಳ್ಳಬೇಕು. ಅವರನ್ನು ಸುಮ್ಮನೆ ಕೂರಿಸದೆ ಖರೀದಿಯ ಪಟ್ಟಿ ಮಾಡುವಾಗ ಮೊದಲು ಅವರನ್ನು ಕೇಳಬೇಕು. ಜೆರುಸಲೇಮಿನ ಏಳು ಹೆಸರುಗಳು ನಮಗೆ ತೋರಿಸಿಕೊಟ್ಟ ದಾರಿ ಅದು.

ಸಾಮಾನು ಎಲ್ಲಿಂದ? ಬಲಿಪೂಜೆಯ ಕಾಣಿಕೆಯ ಮೆರವಣಿಗೆಯಲ್ಲಿ ರೊಟ್ಟಿ, ದ್ರಾಕ್ಷಾರಸದ ಜೊತೆಗೆ ಬಡವರಿಗಾಗಿ ತಂದದ್ದನ್ನೂ ಸ್ವೀಕರಿಸಬಹುದೆಂದು ಪೂಜಾವಿಧಿಯ ನಿಯಮವೇ ಹೇಳುತ್ತದೆ. ಪವಿತ್ರ ಗುರುವಾರದ ಸಂಜೆಯ ಪೂಜೆಯಲ್ಲಂತೂ ಇದಕ್ಕೆ ವಿಶೇಷ ಸ್ಥಾನವಿದೆ. ತಿಂಗಳಿಗೊಂದು ಭಾನುವಾರ ಒಂದೊಂದು ವಾರ್ಡಿನವರು ಒಂದೊಂದು ವಸ್ತುವನ್ನು ತರುವಂತೆ ಗೊತ್ತುಮಾಡಿದರೆ ಎಲ್ಲರೂ ಅಕ್ಕಿಯನ್ನೇ ತರುವುದು ತಪ್ಪುತ್ತದೆ. ಮದುವೆ ಊಟದಲ್ಲಿ ಉಳಿದದ್ದನ್ನು ಕೊಡಲು ಬಯಸುವವರು ತುಂಬ ಎಚ್ಚರವಾಗಿರಬೇಕು. ಬೇಯಿಸಿದ ಆಹಾರ ನಮ್ಮ ಸೆಕೆಯಲ್ಲಿ ಕೆಲವೇ ಗಂಟೆಗಳಲ್ಲಿ ಕೆಡುತ್ತದೆ. ಉಳಿದ ಆಹಾರವನ್ನು ಹಂಚುವುದರ ಬಗ್ಗೆ ದೇಶದ ಆಹಾರ ಸುರಕ್ಷತಾ ಪ್ರಾಧಿಕಾರ 2019ರಲ್ಲಿ ನಿಯಮಗಳನ್ನೂ ಹೊರಡಿಸಿದೆ. ಉಗ್ರಾಣಕ್ಕೆ ಒಣ ದಿನಸಿಯೇ ಕ್ಷೇಮ.

ಬಾಗಿಲು ತೆರೆಯುವ ಹೊತ್ತನ್ನೂ ಯೋಚಿಸಿ ಗೊತ್ತುಮಾಡಬೇಕು. ಮಂಗಳವಾರ ಬೆಳಿಗ್ಗೆ ಹನ್ನೊಂದಕ್ಕೆ ತೆರೆದರೆ ನಮಗೆ ಅನುಕೂಲ. ಕೂಲಿಗೆ ಹೋಗುವವರು ಆ ದಿನದ ಸಂಬಳ ಬಿಟ್ಟು ಬರಬೇಕಾಗುತ್ತದೆ. ಭಾನುವಾರ ಪೂಜೆ ಮುಗಿದ ಕೂಡಲೇ ಎಂದರೆ ಇಡೀ ಧರ್ಮಕೇಂದ್ರ ಅಂಗಳದಲ್ಲಿ ನಿಂತು ನೋಡುತ್ತಿರುತ್ತದೆ. ಕೊರಿಂಥದಲ್ಲಿ ದುಡಿದು ತಡವಾಗಿ ಬಂದ ಬಡವರಿಗೆ ಊಟ ಉಳಿದಿರಲಿಲ್ಲವೆಂದು ಪ್ರೇಷಿತ ಪೌಲರು ಎಷ್ಟು ನೊಂದುಕೊಂಡು ಬರೆದರು! ವಾರದ ಒಂದು ಸಂಜೆ, ಆರರಿಂದ ಎಂಟರವರೆಗೆ, ಪಕ್ಕದ ಗೇಟಿನಿಂದ ಬರುವಂತೆ ಮಾಡಿದರೆ ಸಾಕು. ಒಳಗೆ ನಾಲ್ಕು ಕುರ್ಚಿ, ಒಂದು ಕೊಡ ನೀರು ಇಟ್ಟಿರಲಿ. ನಡೆದು ಬರಲಾಗದವರ ಮನೆಗೆ ಅಂದು ರಾತ್ರಿಯೇ ಇಬ್ಬರು ಹೋಗಿಬರಲಿ. ಒಂಟಿಯಾಗಿರುವವರ ಮನೆಗೆ ಕೊನೆಯಲ್ಲಿ.